ಕಳಕಪ್ಪನ ಐದು ನೂಲು

ಬಳಸಿದ ಸೂಜಿ ಒಳಗೆ ಬಿದ್ದ ಒಂಬತ್ತನೆಯ ಸೆಕೆಂಡಿಗೆ ರಕ್ತವಾಚಕ ಯಂತ್ರ ಹಸಿರು ದೀಪ ಬೆಳಗಿಸಿ ಹೊಸ ಸೂಜಿಗಳ ಪೊಟ್ಟಣವನ್ನು ಹೊರಕ್ಕೆ ನೀಡಿತು. ಅದರ ಹಿಂದೆಯೇ ಒಂದು ವಾರದ ಗುಳಿಗೆಯ ಪುಟ್ಟ ಚೀಲವೂ ಬಂತು.

ಅದು ೨೦೬೧ನೆಯ ಇಸವಿ. ಚಂದ್ರನ ಮೇಲೆ ಬದನೆಕಾಯಿ ಬೆಳೆಯುತ್ತಿದ್ದ ಕಾಲದಲ್ಲೂ ನಶೆಯ ಸೂಜಿ ಊರು ಬಿಟ್ಟಿರಲಿಲ್ಲ. ಸೂಜಿಯ ತುದಿಯಲ್ಲಿ ಉಳಿದ ರಕ್ತದ ತೇವವನ್ನೇ ಓದಿ, ಎಚ್‌ಐವಿ ಇದೆಯೇ, ಇದ್ದರೆ ಎಷ್ಟು ಎಂದು ಯಂತ್ರ ತಿಳಿಯುತ್ತಿತ್ತು, ಇದ್ದವರಿಗೆ ಮಾತ್ರ ಗುಳಿಗೆ ಕೊಡುತ್ತಿತ್ತು. ಹೆಸರು ಕೇಳುತ್ತಿರಲಿಲ್ಲ, ಒಬ್ಬರಿಗೊಂದು ಸಂಖ್ಯೆ, ಅಷ್ಟೇ. ಬೆಟಗೇರಿಯ ಸೂಜಿ ವಿನಿಮಯ ಕೇಂದ್ರದಲ್ಲಿ ಇದನ್ನು ತಾವೇ ರೂಪಿಸಿ ಇರಿಸಿದವರು ಡಾ. ವಿಶಾಲಾಕ್ಷಿ ಹೊಂಬಳ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗುವವರು ನಗಲಿ. ಈ ಹೆಗ್ಗಣ ಎರಡೇ ತಿಂಗಳಲ್ಲಿ ಅರವತ್ತು ಜನರಿಗೆ ಔಷಧ ಮುಟ್ಟಿಸಿತ್ತು.

ಇದ್ದದ್ದು ಒಂದೇ ಕಿರಿಕಿರಿ. ಕೆಲವು ಸೂಜಿಗಳಿಗೆ ಬಣ್ಣದ ನೂಲು ಕಟ್ಟಿರುತ್ತಿತ್ತು, ಅದು ಯಂತ್ರದೊಳಗೆ ಸಿಕ್ಕಿಕೊಳ್ಳುತ್ತಿತ್ತು. ಡಾಕ್ಟರು ಗೊಣಗುತ್ತಲೇ ಯಂತ್ರದ ಬಾಯಿಗೊಂದು ಬಾಚಣಿಗೆ ಕೂರಿಸಿದರು. ನೂಲೆಲ್ಲ ಕಸದ ಡಬ್ಬಿಗೆ ಬೀಳತೊಡಗಿತು.

ಒಂದು ಬುಧವಾರ, ಎರಡು ತಿಂಗಳ ಲೆಕ್ಕವನ್ನು ಯಂತ್ರ ಮೊದಲ ಬಾರಿಗೆ ತಾಳೆ ನೋಡಿದಾಗ, ನಲವತ್ತೊಂದನೆಯ ಸಂಖ್ಯೆಗೆ ಕೆಂಪು ದೀಪ ಹತ್ತಿತು. ಒಂದೇ ಸಂಖ್ಯೆಯಲ್ಲಿ ಐದು ಬಗೆಯ ರಕ್ತ! ಗುಳಿಗೆ ಯಾರದೆಂದು ತಿಳಿಯದೆ ಯಂತ್ರ ಕೊಡುವುದನ್ನೇ ನಿಲ್ಲಿಸಿತು. ಎದುರಿಗೆ ನಿಂತಿದ್ದವನು ಕಳಕಪ್ಪ. ಮಗ್ಗದ ಕೆಲಸದವನು, ತಾನೂ ನಶೆಗೆ ಬಿದ್ದವನು.

“ಮೇಡಂ, ಗುಳಿಗಿ ಯಾಕ ಬರವಲ್ದ್ರೀ?”

“ಐದು ಮಂದಿ ಕೂಡಿ ಒಂದ ಸೂಜಿ ಚುಚ್ಚಿಕೋತೀರೇನು?”

“ಛೇ ಛೇ! ಇವು ಐದು ಮಂದೀವು ಬ್ಯಾರೆ ಬ್ಯಾರೆ ಸೂಜಿರೀ. ಇಲ್ಲಿ ಬರಾಕ ಅವರಿಗೆ ನಾಚಿಕಿ, ನಾನ ಇಸ್ಕೊಂಡು ತರ್ತೀನಿ. ಕೆಂಪು ನೂಲು ಒಬ್ಬಾಂವಂದು, ನೀಲಿ ಒಬ್ಬಾಕೀದು. ಗುಳಿಗಿ ಬಿದ್ದ ಕೂಡ್ಲೆ ಅದಕ್ಕೂ ಅದ ಬಣ್ಣ ಕಟ್ಟತೀನಿ. ಎರಡು ತಿಂಗಳಾತು, ಒಂದೂ ಅದಲಿಬದಲಿ ಆಗಿಲ್ಲ. ಐದ್ರಾಗ ಗುಳಿಗಿ ಬರೂದು ಮೂರು ಮಂದಿಗೆ, ಈಗ ನಿಂತ್ರ ಅವರು ಸಾಯ್ತಾರ್ರೀ.”

ಡಾಕ್ಟರು ಕಸದ ಡಬ್ಬಿಯನ್ನು ನೋಡಿದರು. ತಾವು ಬಾಚಿ ಎಸೆದದ್ದು ಐವರ ವಿಳಾಸವನ್ನೇ ಎಂದು ತಿಳಿದು ನಾಚಿಕೆಯಾಯಿತು.

“ಒಂದು ಸಂಖ್ಯೆ ಅಂದ್ರ ಒಬ್ಬ ಮನಶ್ಯಾ ಅಂತ ಯಂತ್ರಕ್ಕ ಕಲಿಸಿದಾಕಿ ನಾನ. ತಪ್ಪು ನಂದು,” ಎಂದರು. “ಇದರಾಗ ನಿಮ್ಮ ನೂಲು ಯಾವ್ದು?”

ಕಳಕಪ್ಪ ಮುಖ ತಿರುಗಿಸಿದ. “ನಂದು ಇದರಾಗ ಇಲ್ರೀ. ಏನ ಬರ್ತೇತೋ ಅಂತ ಅಂಜಿಕಿ.”

ಆಗಲೇ ಡಾಕ್ಟರು ಆ ಮೂವರ ಗುಳಿಗೆಯನ್ನೂ ಕೈಯಾರೆ ಕೊಟ್ಟರು. ವಾರದೊಳಗೆ ಬಾಚಣಿಗೆ ಹೋಯಿತು, ಯಂತ್ರ ನೂಲಿನ ಬಣ್ಣ ಓದಲು ಕಲಿಯಿತು.

ಎಂಟು ತಿಂಗಳ ಮೇಲೆ ಆ ಮೂವರ ರಕ್ತದಲ್ಲಿ ವೈರಸ್ ಯಂತ್ರದ ಕಣ್ಣಿಗೂ ಕಾಣದಷ್ಟು ಇಳಿಯಿತು. ಸುದ್ದಿ ಕೇಳಿದ ಐವರೂ, ಯಾರೂ ಕರೆಯದಿದ್ದರೂ, ಹಾಡಹಗಲೇ ಕೇಂದ್ರಕ್ಕೆ ಬಂದರು. ಒಬ್ಬೊಬ್ಬರ ಮುಂಗೈಯಲ್ಲೂ ಅವರವರ ನೂಲು. ಡಾಕ್ಟರಿಗೆ ಹೆಮ್ಮೆಯಿಂದ ಎದೆ ತುಂಬಿತು. ಯಂತ್ರದ ನೆನಪೇ ಆಗಲಿಲ್ಲ.

ನೀಲಿ ನೂಲಿನಾಕೆ ಕಳಕಪ್ಪನ ಮುಂಗೈಗೆ ಹಳದಿ ನೂಲು ಕಟ್ಟಿದಳು.

“ಇಷ್ಟು ದಿನ ನಮ್ಮವು ಹೊತ್ತಿ ಅಣ್ಣಾ. ಇವತ್ತ ನಿಂದು ಹಾಕು. ಏನ ಬಂದ್ರೂ ನಾವು ಅದೀವಿ.”

ಅವನು ತನ್ನ ಸೂಜಿಯನ್ನು ಯಂತ್ರಕ್ಕೆ ಹಾಕಿದ. ಒಂಬತ್ತು ಸೆಕೆಂಡು ಕಳೆಯಿತು. ಹಸಿರು ದೀಪ, ಸೂಜಿಗಳ ಪೊಟ್ಟಣ, ಅದರ ಹಿಂದೆಯೇ ಗುಳಿಗೆ.

 ನೀಲಿ ನೂಲಿನಾಕೆ ಗುಳಿಗೆಯ ಚೀಲವನ್ನು ಎತ್ತಿಕೊಂಡು ಅದಕ್ಕೂ ಹಳದಿ ನೂಲು ಬಿಗಿದಳು. ಕಳಕಪ್ಪ ಕಣ್ಣೊರೆಸಿಕೊಂಡು ಗಂಟನ್ನು ಎಳೆದು ನೋಡಿದ.

“ಸಡ್ಲ ಆಗೇತಿ ತಂಗೀ, ತಾ ಇಲ್ಲಿ,” ಎಂದು ಮಗ್ಗದವರ ಗಂಟನ್ನು ತಾನೇ ಹಾಕಿಕೊಂಡ.