ಎರಡು ಪಾದಗಳಷ್ಟು ಮರಳು

"ಇಳೀಬ್ಯಾಡ್ರೀ! ಅದನ್ನ ಅಳಿಸಬ್ಯಾಡ್ರಿ!"

ನೀರಿಗೆ ಇಳಿಯಲು ಬಗ್ಗಿದ್ದ ನಿಶ್ಮಿತಾ ಬೆಚ್ಚಿ ಹಿಂದೆ ಸರಿದಳು.

ಬೆಳಗಿನ ಆರು ಗಂಟೆ. ಸಾಂತಾಕ್ರೂಜ್‌ನ ಆ ಹೌಸಿಂಗ್ ಸೊಸೈಟಿಯ ಈಜುಕೊಳದ ಹತ್ತಿರ ಮೂರು ವಾರದಿಂದ ಅವಳ ಹೊರತು ಯಾರೂ ಸುಳಿದಿರಲಿಲ್ಲ. ವಾಚ್‌ಮನ್ ಕೂಡ ಗೇಟಿನ ಆಚೆಯೇ ಕುರ್ಚಿ ಹಾಕಿಕೊಂಡಿದ್ದ. ಹಾಗಿರುವಾಗ ಇವನ್ಯಾರು?

ಹೆಗಲ ಮೇಲೆ ಪೈಪಿನ ಸುರುಳಿ, ಕೈಯಲ್ಲಿ ಸ್ಪ್ಯಾನರುಗಳ ಚೀಲ. ಅವನು ಅವಳನ್ನು ನೋಡುತ್ತಿರಲಿಲ್ಲ. ನೀರಿನ ತಳವನ್ನು ನೋಡುತ್ತಿದ್ದ.

ಅಲ್ಲಿ, ಆಳವಿಲ್ಲದ ಮೂಲೆಯ ನೀಲಿ ಟೈಲ್ಸ್ ಮೇಲೆ, ನಸು ಬೂದು ಬಣ್ಣದ ನುಣ್ಣನೆಯ ಪುಡಿ ಕೂತಿತ್ತು. ಒಂದು ಎಡಕ್ಕೆ, ಒಂದು ಬಲಕ್ಕೆ.

ಎರಡು ಪಾದಗಳು!

"ದಿನಾ ಇಲ್ಲೇ ಬರ್ತೈತೇನ್ರಿ?" ಅವನು ಮೆಲ್ಲಗೆ ಕೇಳಿದ.

"ದಿನಾ. ಸಂಜೆ ಬ್ರಷ್ ಹಾಕಿ ತೆಗೀತೇನೆ. ಬೆಳಿಗ್ಗೆ ನೋಡಿದ್ರೆ ಪುನಃ ಹೀಗೇ..." ಅವಳು ಅಂಚಿನ ಕಲ್ಲನ್ನು ತೋರಿಸಿದಳು. "ನಮ್ಮ ಪಪ್ಪ ಇಲ್ಲೇ ಕೂತ್ಕೊಳ್ತಿದ್ರು. ಕಾಲು ನೀರಿಗೆ ಬಿಟ್ಟು."

ಅವನು ತಲೆ ಎತ್ತಿದ. ಆ ಕಣ್ಣುಗಳಲ್ಲಿ ಏನೋ ಹಾದು ಹೋಯಿತು. 'ಇವನಿಗೆ ಏನೋ ಗೊತ್ತಿದೆ!' ಎಂದು ಅವಳ ಮನಸ್ಸು ಒಮ್ಮೆಲೇ ಹೇಳಿತು.

"ನಾ ಗುರುಪಾದ ಅಂತ್ರಿ. ಫಿಲ್ಟರ್ ಸರ್ವಿಸ್ ಕಂಪನಿಯಿಂದ ಬಂದೀನಿ," ಎಂದಷ್ಟೇ ಹೇಳಿ ಅವನು ಪಂಪ್ ರೂಮಿನತ್ತ ನಡೆದ.

ನಿಶ್ಮಿತಾಳ ತಂದೆ ಕೊರಗ ಇಪ್ಪತ್ತು ವರ್ಷ ಈ ಕೊಳವನ್ನು ನೋಡಿಕೊಂಡವರು. ಉಡುಪಿ ಕಡೆಯಿಂದ ಗ್ರಾಂಟ್ ರೋಡಿನ ಹೋಟೆಲಿಗೆ ಬಂದು, ಅಲ್ಲಿಂದ ಈ ನೀರಿನ ಕೆಲಸಕ್ಕೆ ಸೇರಿ, ಮಗಳಿಗೆ ನಡೆಯುವುದಕ್ಕಿಂತ ಮೊದಲೇ ಈಜು ಕಲಿಸಿದ್ದರು. ಈಗ ಅವಳು ಇಲ್ಲೇ ಮಕ್ಕಳಿಗೆ ಈಜು ಕಲಿಸುವ ಟೀಚರ್. ಪ್ರತಿ ಬೆಳಿಗ್ಗೆ ಆ ಮೂಲೆಯಲ್ಲಿ ಅರ್ಧ ಗಂಟೆ ಕೂತು, ಆಮೇಲೆ ಎರಡೂ ಅಂಗೈಗಳನ್ನು ಕಲ್ಲಿಗೆ ಊರಿ "ಹಾಂ... ಆಯ್ತು" ಎಂದು ಏಳುವುದು ಕೊರಗರ ಅಭ್ಯಾಸವಾಗಿತ್ತು. ಮೂರು ವಾರದ ಹಿಂದೆ, ಒಂದು ಶನಿವಾರ, ಪಂಪ್ ರೂಮಿನಲ್ಲಿ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ.

ಅದಾದ ಮೂರನೇ ದಿನದಿಂದ ಪಾದಗಳು ಮೂಡತೊಡಗಿದವು.

ಮಕ್ಕಳು ನೀರಿಗಿಳಿಯಲಿಲ್ಲ. ತಾಯಂದಿರು ಕೊಳದ ಕಡೆಯ ಕಿಟಕಿಗೆ ಪರದೆ ಎಳೆದರು. ಭಾನುವಾರ ಸೊಸೈಟಿ ಮೀಟಿಂಗ್. ಅಷ್ಟರಲ್ಲಿ ಸರಿಯಾಗದಿದ್ದರೆ ಕೊಳಕ್ಕೆ ಮಣ್ಣು ತುಂಬಿ ಪಾರ್ಕಿಂಗ್ ಮಾಡುವುದೆಂದು ಸೆಕ್ರೆಟರಿ ರಮಾನಾಥರು ಹೇಳಿಬಿಟ್ಟಿದ್ದರು. ಪಪ್ಪನ ಜಾಗಕ್ಕೆ ಮಣ್ಣು! 

ಗುರುಪಾದ ಮೂರು ದಿನ ಬಂದ. ಮೊದಲ ದಿನ, ಫಿಲ್ಟರಿನಿಂದ ನೀರು ಕೊಳಕ್ಕೆ ವಾಪಸ್ ಬರುವ ಎರಡು ಬಾಯಿಗಳಿಗೂ ತೆಳುವಾದ ಬಟ್ಟೆ ಕಟ್ಟಿದ. ಮರುದಿನ ಬಟ್ಟೆ ಬಿಚ್ಚಿ, ಅದರಲ್ಲಿ ಸಿಕ್ಕಿದ್ದನ್ನು ಅವಳ ಅಂಗೈಗೆ ಹಾಕಿದ.

"ತಿಕ್ಕಿ ನೋಡ್ರಿ ಟೀಚರ್. ಕೊಳಿ-ಪಾಚಿ ಆದ್ರ ಜಾರ್ತದ."

ಅವಳು ತಿಕ್ಕಿದಳು. ಜಾರಲಿಲ್ಲ. ಹಲ್ಲಿಗೆ ಸಿಕ್ಕ ಸಕ್ಕರೆಯಂತೆ ಕರಕರ ಎಂದಿತು.

"ಮರಳು!"

"ಫಿಲ್ಟರ್ ಒಳಗಿಂದು. ಕೊಳಿ ಹಿಡೀಬೇಕಾದ ಮರಳೇ ತಪ್ಪಿಸ್ಕೊಂಡು ಹೊರಗ ಬರಾಕತ್ತೈತಿ. ತಳದ ಪೈಪ್ ಎಲ್ಲೋ ಬಿಟ್ಟೈತಿ."

"ಆದ್ರೆ ಆ ಪಾದ? ಅಲ್ಲೇ ಯಾಕೆ ಬಂದು ಕೂರ್ತದೆ?"

ಅವನು ಅವಳ ಅಂಗೈಯ ಮರಳನ್ನು ತನ್ನ ಬೆರಳಿನಿಂದ ಮೆಲ್ಲಗೆ ಒರೆಸಿದ. ಆ ಬೆರಳು ಬೆಚ್ಚಗಿತ್ತು... ಮೂರು ವಾರದಲ್ಲಿ ಅವಳನ್ನು ಮುಟ್ಟಿದ ಮೊದಲ ಬೆಚ್ಚಗಿನ ವಸ್ತು ಅದೇ ಇರಬೇಕು. ಎದೆ ಡವಗುಟ್ಟಿತು. ಭಯಕ್ಕೋ, ಬೇರೆ ಯಾವುದಕ್ಕೋ!

ಶನಿವಾರ ಬೆಳಿಗ್ಗೆ ಸೊಸೈಟಿ ಆಫೀಸಿನ ಬಾಗಿಲಲ್ಲಿ ಅವಳ ಕಾಲು ನಿಂತುಬಿಟ್ಟಿತು. ಒಳಗೆ ಗುರುಪಾದನ ದನಿ.

"ತಪ್ಪು ನಂದೈತ್ರಿ ಸರ್. ಹಿಂದ ಸರ್ವಿಸಿಗೆ ಬಂದಾಗ ಒಳಗಿನ ಪೈಪ್ ನನ್ನ ಕೈಯಾಗ ಮುರೀತು. ಅಂಜಿ ಹೇಳಲಿಲ್ಲ."

"ಅರೆ, ಪಾಗಲ್ ಹೋ ಕ್ಯಾ, ತಲೆ ಸಮ ಉಂಟಾ?" ರಮಾನಾಥರು ಮೇಜು ಕುಟ್ಟಿದರು. "ಇಡೀ ಬಿಲ್ಡಿಂಗ್ ಕೊರಗಣ್ಣನ ಭೂತ ಅಂತ ನಡುಗ್ತಾ ಉಂಟು ಮಾರಾಯ! ಇವತ್ತೇ ಸರಿ ಮಾಡು. ಆಮೇಲೆ ಈ ಗೇಟಿನೊಳಗೆ ನಿನ್ನ ಮುಖ ಕಾಣಿಸ್ಬಾರ್ದು!"

ನಿಶ್ಮಿತಾ ಪಂಪ್ ರೂಮಿನಲ್ಲಿ ಅವನಿಗೆ ಅಡ್ಡ ನಿಂತಳು. ಕಣ್ಣಲ್ಲಿ ನೀರು, ಬೆಂಕಿ ಎರಡೂ.

"ಮೂರು ದಿನ ನನ್ನ ಎದುರಿಗೇ ನಾಟಕ ಮಾಡಿದ್ದಾ? ನನ್ನ ಪಪ್ಪನ್ನ ಎಲ್ಲರೂ ಭೂತ ಅಂದ್ರು! ಮಕ್ಕಳು ಅವರ ಫೋಟೋ ಕಂಡ್ರೆ ಓಡ್ತಾರೆ! ಎಲ್ಲ ನಿಮ್ಮ ಒಂದು ಹೆದರಿಕೆಯಿಂದ!"

"ಬೈರಿ," ಅವನು ತಲೆ ತಗ್ಗಿಸಿದ. "ಆದ್ರ ಈಗ ಹೊರಗ ಹೋಗ್ರಿ. ಟ್ಯಾಂಕ್ ತೆಗೆಯಾವ ಅದೀನಿ."

"ಹೋಗುದಿಲ್ಲ!"

"ಕೈ ಮುಗೀತೀನ್ರಿ... ಹೋಗ್ರಿ."

ಅವಳು ಹೋಗಲಿಲ್ಲ. ಅವನು ವಿಧಿಯಿಲ್ಲದೆ ಆಳೆತ್ತರದ ಫಿಲ್ಟರ್ ಟ್ಯಾಂಕಿನ ಮುಚ್ಚಳ ತೆಗೆದು ಮರಳನ್ನು ಮೊಗೆಯತೊಡಗಿದ. ಬಕೆಟ್ ಮೇಲೆ ಬಕೆಟ್. ಪಂಪ್ ನಿಂತಿದ್ದ ಆ ಕೋಣೆಯಲ್ಲಿ ಪೈಪುಗಳೊಳಗೆ ಉಳಿದ ನೀರು ಗುಳು ಗುಳು ಎನ್ನುತ್ತಿತ್ತು... ಯಾರೋ ಗಂಟಲು ಸರಿಮಾಡಿಕೊಂಡಂತೆ.

ಕೊನೆಗೆ ತಳ ಕಂಡಿತು. ಬಾಚಣಿಗೆಯಂತೆ ಸೀಳುಗಳಿದ್ದ ಪುಟ್ಟ ಪೈಪುಗಳು. ಅವುಗಳಲ್ಲೊಂದು ಮುರಿದಿತ್ತು. ಮುರಿದ ಕಡೆ ಹಳದಿಯದೇನೋ ಸುತ್ತಿತ್ತು, ದಾರದಿಂದ ಬಿಗಿದಿತ್ತು, ಈಗ ಹರಿದು ಜೋತಾಡುತ್ತಿತ್ತು.

ಗುರುಪಾದ ಆ ಪೈಪನ್ನು ಹೊರಗೆ ತೆಗೆದು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳುವ ಮೊದಲೇ ಅವಳು ಕಿತ್ತುಕೊಂಡಳು.

ರಬ್ಬರಿನ ಈಜು ಟೋಪಿ. ಮಡಿಕೆ ಬಿಡಿಸಿದರೆ, ಕ್ಲೋರಿನ್ ತಿಂದು ಉಳಿಸಿದ ಮಸುಕು ಅಕ್ಷರ.

'ನಿಶು.'

ಪಪ್ಪನ ಕೈಬರಹ!

ಎಂಟು ವರ್ಷದ ಹಿಂದೆ, ಈಜು ಸ್ಪರ್ಧೆಯ ಹಿಂದಿನ ದಿನ ಕಳೆದುಹೋಗಿತ್ತು ಈ ಟೋಪಿ. ಅತ್ತು ಊಟ ಬಿಟ್ಟಿದ್ದಳು. ಪಪ್ಪ ಸಂಜೆಗೆ ನೀಲಿ ಟೋಪಿ ತಂದುಕೊಟ್ಟಿದ್ದರು, ಅವಳ ಮುಖ ನೋಡದೆ.

"ಇದು... ಇಲ್ಲಿ ಹೇಗೆ?" ಅವಳು ಟೋಪಿಯನ್ನು ಅವನ ಮುಖದೆದುರು ಹಿಡಿದಳು. "ನೀವು ಮುರಿದದ್ದಲ್ಲ. ಅಲ್ವಾ? ಹೇಳಿ!"

ಗುರುಪಾದ ಕೈ ಒರೆಸಿಕೊಂಡು ಮೊಬೈಲ್ ತೆಗೆದು, ಮೂರು ವಾರದ ಹಿಂದಿನ ಒಂದು ವಾಯ್ಸ್ ಮೆಸೇಜ್ ಒತ್ತಿದ.

ಪಂಪ್ ರೂಮಿನಲ್ಲಿ ಸತ್ತವರ ದನಿ ಕೇಳಿಸಿತು.

"ಗುರು, ನಾನು ಕೊರಗಣ್ಣ. ಮೂಲೆಯಲ್ಲಿ ಮರಳು ಕಾಣ್ಲಿಕ್ಕೆ ಶುರುವಾಗಿದೆ ಮಾರಾಯ. ಎಂಟು ವರ್ಷದ ಹಿಂದೆ ಮರಳು ಬದಲು ಮಾಡುವಾಗ ಮೊದ್ಲು ಅರ್ಧ ಟ್ಯಾಂಕ್ ನೀರು ತುಂಬ್ಸಬೇಕಿತ್ತು. ಮರುದಿನ ಮಗಳ ಸ್ಪರ್ಧೆ, ಗಡಿಬಿಡಿ. ಒಣ ಟ್ಯಾಂಕಿಗೇ ಸುರಿದುಬಿಟ್ಟೆ. ಭಾರಕ್ಕೆ ತಳದ ಪೈಪ್ ಮುರೀತು. ಕೈಗೆ ಸಿಕ್ಕಿದ್ದನ್ನು ಕಟ್ಟಿದೆ. ಎಂಟು ವರ್ಷ ದಿನಾ ಆ ಮೂಲೆಯಲ್ಲೇ ಕೂತು ಕಾದೆ ನೋಡು. ಎರಡು ಕಡೆಯ ನೀರೂ ಅಲ್ಲಿಯೇ ಬಂದು ಸುಸ್ತಾಗಿ ನಿಲ್ಲುದು, ಕಟ್ಟಿದ್ದು ಬಿಟ್ಟು ಹೋದ್ರೆ ಮರಳು ಮೊದ್ಲು ಅಲ್ಲಿಯೇ ಕಾಣುದು. ಸೋಮವಾರ ಬಾ. ಸೊಸೈಟಿಗೆ ಹೇಳ್ಬೇಡ. ನಿಶುಗೂ ಹೇಳ್ಬೇಡ... ಅವಳಿಗೆ ಪಪ್ಪ ಅಂದ್ರೆ ತಪ್ಪೇ ಮಾಡದವ."

ದನಿ ನಿಂತಿತು. ಪೈಪು ಮತ್ತೊಮ್ಮೆ ಗುಳು ಎಂದಿತು.

ನಿಶ್ಮಿತಾ ಟೋಪಿಯನ್ನು ಎದೆಗೊತ್ತಿಕೊಂಡು ನೆಲಕ್ಕೆ ಕುಸಿದಳು. ಅಳು ಕಟ್ಟೆಯೊಡೆಯಿತು. ಗುರುಪಾದ ಎದುರಿಗೆ ಮೊಣಕಾಲೂರಿ ಕೂತ. ಮುಟ್ಟಲಿಲ್ಲ, ಎದ್ದೂ ಹೋಗಲಿಲ್ಲ.

"ಅದಕ್ಕೆ ತಪ್ಪು ನಿಮ್ಮ ಮೇಲೆ ಹಾಕ್ಕೊಂಡ್ರಾ? ನಿಮ್ಮನ್ನ ಗೇಟಿನಿಂದ ಹೊರಗೆ ಹಾಕ್ತಾರೆ!"

"ಧಾರಾವಿಯೊಳಗ ಪೈಪ್ ಹೊರಾಕತ್ತಿದ್ದ ನನಗ ಕೈ ಹಿಡಿದು ಈ ಕೆಲಸ ಕಲಿಸಿದವ್ರು ಕೊರಗಣ್ಣ. ಬೈಸ್ಕೊಳ್ಳೋದು ದೊಡ್ಡದಲ್ರಿ." ಅವನು ತಡವರಿಸಿದ. "ನೀವು ಬೈದದ್ದೊಂದು... ಅದು ಎದಿಗೆ ಸ್ವಲ್ಪ ಜೋರಾಗೇ ಹತ್ತಿತು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಅವಳು ಎದ್ದು ನೇರ ಆಫೀಸಿಗೆ ನಡೆದಳು. ಟೋಪಿಯನ್ನು ರಮಾನಾಥರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಎಂಟು ವರ್ಷ ಕಾದು ಕೂತ್ರಾ ಕೊರಗಣ್ಣ... ಹೋಗು ಮಗಾ. ಪೂಲ್ ಎಲ್ಲಿಗೂ ಹೋಗುದಿಲ್ಲ. ಆ ಹುಡುಗನಿಗೆ ಹೇಳು, ಚಾ ಕುಡಿದೇ ಹೋಗ್ಬೇಕು ಅಂತ."

ಮಧ್ಯಾಹ್ನ ಹೊಸ ಪೈಪ್ ಕೂತಿತು. "ಮೊದಲು ನೀರು," ಎಂದ ಗುರುಪಾದ. ಟ್ಯಾಂಕ್ ಅರ್ಧ ತುಂಬಿದ ಮೇಲೆ ಇಬ್ಬರೂ ಒಂದೇ ಬಕೆಟ್ ಹಿಡಿದು ಮೆಲ್ಲಗೆ ಮರಳು ಬಿಟ್ಟರು. ಸಂಜೆ ಅವಳು ಕೊನೆಯ ಬಾರಿ ಮೂಲೆಗೆ ಬ್ರಷ್ ಹಾಕಿದಳು.

ಭಾನುವಾರ ಬೆಳಿಗ್ಗೆ ಆರಕ್ಕೆ ಇಬ್ಬರೂ ಆ ಮೂಲೆಯಲ್ಲಿ ನಿಂತಿದ್ದರು. ತಳದಲ್ಲಿ ನೀಲಿ ಟೈಲ್ಸ್ ಮಾತ್ರ. ಒಂದು ಕಣವೂ ಮರಳಿಲ್ಲ.

"ಹೋದ್ರು..." ಎಂದಳು ನಿಶ್ಮಿತಾ.

ಗುರುಪಾದ ಬಗ್ಗಿ ನೋಡಿದ. ಅವನ ಕಣ್ಣು ಅವಳ ಕಾಲಿನ ಪಕ್ಕದ ಕಲ್ಲಿನ ಮೇಲಿತ್ತು.

ಒಣಗಿದ ಅಂಚಿನಲ್ಲಿ ಎರಡು ಒದ್ದೆ ಅಂಗೈಗಳ ಗುರುತು. ಕೂತವರು ಊರಿ ಎದ್ದ ಹಾಗೆ. ಇಬ್ಬರ ಕಣ್ಣೆದುರೇ ಆರುತ್ತಿದ್ದವು.

"ನೀರು ಮುಟ್ಟಿದ್ರೇನ್ರಿ?"

"ಇಲ್ಲ... ನೀವು?"

"ಇಲ್ಲ."

ಗುರುತು ಪೂರ್ತಿ ಆರುವ ತನಕ ಇಬ್ಬರೂ ಉಸಿರಾಡಲಿಲ್ಲ. ಅವಳ ಕೈ ತಾನಾಗಿ ಅವನ ಕೈಯನ್ನು ಹುಡುಕಿತು.

"ಅಂಜಿಕಿ ಆಗ್ತೈತೇನ್ ಟೀಚರ್?"

"ಆಗ್ತದೆ." ಅವಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದಳು. "ಟೀಚರ್ ಅನ್ಬೇಡ. ನಿಶು ಅನ್ನು."

"ನಿಶು..."

"ಹಾಂ. ನಾಳೆಯೂ ಬಾ, ಗುರು. ಫಿಲ್ಟರಿಗಲ್ಲ."