ಡ್ಯಾಫ್ನಿ ಅಳಿಸಲು ಹೇಳಿದ ಹಾಡು

"ನಿಲ್ಲಿಸಿ!"

ಬಿಜೈಯ ಆ ಪುಟ್ಟ ಸಭಾಂಗಣದಲ್ಲಿ ಹಾಡು ಅರ್ಧಕ್ಕೇ ನಿಂತಿತು. ಕೀಬೋರ್ಡ್ ನುಡಿಸುತ್ತಿದ್ದ ಗ್ಲ್ಯಾಡಿಸ್ ಬೆಚ್ಚಿ ಕೈ ಎತ್ತಿದಳು. ವೇದಿಕೆಯ ಮೇಲಿಂದ ಡ್ಯಾಫ್ನಿ ಎರಡನೇ ಸಾಲಿನ ಯುವಕನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಅವನ ಕೈಯಲ್ಲಿ ಮೊಬೈಲ್!

"ರೆಕಾರ್ಡ್ ಮಾಡಬೇಡಿ ಅಂತ ಮೊದಲೇ ಹೇಳಿದ್ದೆ ಅಲ್ವಾ? ಕೇಳದೆ ತೆಗೆದುಕೊಂಡರೆ ಅದಕ್ಕೆ ಎಂತ ಹೇಳ್ತಾರೆ ಗೊತ್ತುಂಟಾ? ಕಳ್ಳತನ!"

ಯಾರೋ ನಕ್ಕರು. ಯುವಕನ ಮುಖ ಕೆಂಪಾಯಿತು.

"ಸಾರಿ... ಈಗಲೇ ಅಳಿಸ್ತೇನೆ."

"ಇಲ್ಲಿ ಬಂದು, ಎಲ್ಲರೆದುರು ಅಳಿಸಿ!"

ಅವನು ಬಂದ. ಅಳಿಸಿದ. ಟ್ರ್ಯಾಶ್‌ನಿಂದಲೂ ತೆಗೆದು ಅವಳಿಗೆ ತೋರಿಸಿದ. ಆ ಕಣ್ಣುಗಳಲ್ಲಿ ಕೋಪವಿರಲಿಲ್ಲ... ಅದೇ ಅವಳನ್ನು ಚುಚ್ಚಿತು.

"ಅವನು ಕೆಲ್ವಿನ್, ಕೂಳೂರಿನವ," ಎಂದಳು ಗ್ಲ್ಯಾಡಿಸ್ ಆಮೇಲೆ. "ನೀನು ಹಾಡುವಲ್ಲೆಲ್ಲ ಬರ್ತಾನೆ, ಮಾರಾಯ್ತಿ. ನಾಡಿದ್ದು ಕುವೈತ್‌ಗೆ ಹೋಗುವವ. ನಿನ್ನತ್ರ ಮಾತಾಡ್ಲಿಕ್ಕೆ ಧೈರ್ಯ ಇಲ್ಲ, ಹಾಡನ್ನಾದರೂ ತಕೊಂಡು ಹೋಗುವ ಅಂತ ಇದ್ದ."

"ಕೇಳಬಹುದಿತ್ತಲ್ಲ!" ಎಂದಳು ಡ್ಯಾಫ್ನಿ. ಆದರೆ ಮಾತಿನಲ್ಲಿ ಮೊದಲಿನ ಬಿರುಸಿರಲಿಲ್ಲ.

ನಾಲ್ಕು ತಿಂಗಳ ಬಳಿಕ ಅವಳ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿತು. ಶಸ್ತ್ರಚಿಕಿತ್ಸೆ ಜೀವ ಉಳಿಸಿತು, ಸ್ವರವನ್ನಲ್ಲ. ಎಚ್ಚರವಾಗಿ "ಮಮ್ಮಿ" ಎಂದಾಗ ಹೊರಬಂದದ್ದು ಬರೀ ಗಾಳಿ! ಎಷ್ಟೋ ವಾರಗಳ ಮೇಲೆ ಕರಕರ ಮಾತು ಬಂತು. ಹಾಡು ಬರಲೇ ಇಲ್ಲ. ಅವಳು ಶಾಲೆಯಲ್ಲಿ ಕಲಿಸುತ್ತಿದ್ದ ಸಂಗೀತ ತರಗತಿ ಬೇರೆಯವರ ಪಾಲಾಯಿತು.

ತನ್ನ ಸ್ವರ ಹೇಗಿತ್ತು? ಅವಳಿಗೇ ಮರೆಯತೊಡಗಿತು. ಹಾಡು ಎದುರು ಕುಳಿತವರಿಗೆ ಮಾತ್ರ ಎಂಬ ಹಟದಲ್ಲಿ ಅವಳು ಯಾರಿಗೂ, ಯಾವತ್ತೂ ರೆಕಾರ್ಡ್ ಮಾಡಲು ಬಿಟ್ಟಿರಲಿಲ್ಲ.

ಮರುವರ್ಷ ಕೆಲ್ವಿನ್ ರಜೆಗೆ ಬಂದ ಸುದ್ದಿ ತಿಳಿದದ್ದೇ ತಡ, ಅವಳು ಕೂಳೂರಿನ ಅವನ ಮನೆಗೆ ಹೋದಳು. ಬಾಗಿಲು ತೆರೆದವನು ಅವನೇ.

"ಆ ಹಾಡು... ಎಲ್ಲಾದರೂ ಒಂದು ಕಾಪಿ ಉಂಟಾ?"

ಅವಳ ಸ್ವರ ಕೇಳಿ ಅವನು ಬಾಗಿಲನ್ನೇ ಗಟ್ಟಿಯಾಗಿ ಹಿಡಿದುಕೊಂಡ.

"ಇಲ್ಲ. ನೀವು ಅಳಿಸಿ ಅಂದಿರಿ... ಅಳಿಸಿದೆ."

"ಬೇರೆ ದಿನದ್ದು?"

"ಅದೊಂದೇ ಸಲ ಮಾಡಿದ್ದು."

ಎಂಥ ಶಿಕ್ಷೆ! ಇವನೊಬ್ಬ ಯಾಕೆ ಇಷ್ಟು ಪ್ರಾಮಾಣಿಕನಾದ?

"ಒಂದು ಸಲ ನನಗೆ ಮೋಸ ಮಾಡಬಾರದಿತ್ತಾ, ಕೆಲ್ವಿನ್?"

ಅವಳು ಮೆಟ್ಟಿಲ ಮೇಲೆಯೇ ಕುಸಿದು ಅತ್ತಳು. ಅಳುವಿಗೂ ಸ್ವರವಿರಲಿಲ್ಲ.

ಅವನು ಪಕ್ಕದಲ್ಲಿ ಕುಳಿತ.

"ಅವತ್ತು ಎಲ್ಲರೆದುರು ನಿಮ್ಮನ್ನು ಕಳ್ಳನ ಹಾಗೆ ಮಾಡಿದೆ. ಕ್ಷಮಿಸಿ," ಎಂದಳು ಅವಳು.

"ಕೇಳದೆ ಮಾಡಿದ್ದು ನನ್ನ ತಪ್ಪೇ. ವರ್ಷ ಪೂರ್ತಿ ನಿಮ್ಮ ಮೇಲೆ ಸಿಟ್ಟು ಮಾಡ್ಲಿಕ್ಕೆ ನೋಡಿದೆ, ಆಗಲಿಲ್ಲ. ಪ್ರೀತಿ ಉಂಟು, ಡ್ಯಾಫ್ನಿ. ಆವಾಗಲೂ... ಈಗಲೂ."

"ಈ ಸ್ವರದ ಮೇಲಾ? ಇದನ್ನು ಕೇಳಿದರೆ ನನಗೇ ಹೇಸಿಗೆ!"

"ಹಾಡು ಹೋದದ್ದು ನನಗೂ ಸಂಕಟ. ಸುಳ್ಳು ಹೇಳುವುದಿಲ್ಲ. ಆದರೂ ನೀವು ಮಾತಾಡಿ. ನಾನು ಕೇಳ್ತೇನೆ."

ಅವಳು ಮೆಲ್ಲನೆ ಅವನ ಕೈ ಹಿಡಿದಳು.

"ರಜೆ ಎಷ್ಟು ದಿನ ಉಂಟು?"

"ನಲವತ್ತು."

"ಹಾಗಾದರೆ... ನಾಳೆಯೂ ಬರ್ತೇನೆ."