ಮೂರನೇ ಮಹಡಿಯ ದೂರು

ಸುತ್ತಿಗೆ ನನ್ನ ಕಿವಿಯ ಪಕ್ಕದ ಗೋಡೆಗೆ ಬಡಿಯಿತು. ಗಾರೆ ಸಿಡಿದು ಕಣ್ಣಿಗೆ ಬಿತ್ತು.

ಗುರಿ ತಪ್ಪಿತ್ತು... ಎರಡನೇ ಸಲ ತಪ್ಪಿಸುವ ಆಸಾಮಿಯಲ್ಲ ಅವನು!

ಬಗ್ಗಿ ಅವನ ಹೊಟ್ಟೆಗೆ ತಲೆ ಕೊಟ್ಟು ನುಗ್ಗಿದೆ. ಇಬ್ಬರೂ ಮೆಟ್ಟಿಲ ಮೇಲೆ ಉರುಳಿದೆವು.

ನನ್ನ ಕೆಲಸವೇನೆಂದು ಕೇಳುತ್ತೀರಾ? ಬಾಡಿಗೆದಾರರ ಸಹಾಯ ಕೇಂದ್ರದಲ್ಲಿ ತನಿಖೆ. ನಲ್ಲಿ ಸೋರುತ್ತದೆ, ಲಿಫ್ಟ್ ಕೆಟ್ಟಿದೆ, ಓನರ್ ಬೆದರಿಸುತ್ತಾನೆ... ಜನ ಬಂದು ಹೇಳುತ್ತಾರೆ, ನಾನು ಹೋಗಿ ನೋಡುತ್ತೇನೆ.

ಸಾಮಾನ್ಯವಾಗಿ ನಲ್ಲಿ ಸೋರುತ್ತಿರುತ್ತದೆ. ಅಂದು ನನ್ನ ಮೂಗಿನಿಂದ ರಕ್ತ ಸೋರುತ್ತಿತ್ತು.

ದೂರು ಕೊಟ್ಟವಳು ಮೂರನೇ ಮಹಡಿಯ ನರ್ಸ್. ಕಟ್ಟಡ ಕೆಡವಿ ಹೊಸದು ಎಬ್ಬಿಸಲು ಓನರ್‌ಗೆ ಆತುರ. ಉಳಿದವರೆಲ್ಲ ಹೆದರಿ ಗಂಟುಮೂಟೆ ಕಟ್ಟಿದ್ದರು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ಇವಳು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ನೀರು ನಿಲ್ಲಿಸಿದರು. ಕರೆಂಟ್ ಕಿತ್ತರು. ಮೆಟ್ಟಿಲ ಕಂಬಿಯನ್ನೂ ಕತ್ತರಿಸಿ ಒಯ್ದರು. ಆಗ ನಮ್ಮಲ್ಲಿಗೆ ಬಂದಳು.

ಆ ಮಧ್ಯಾಹ್ನ ನಗರಸಭೆಯ ಇನ್ಸ್‌ಪೆಕ್ಟರನ್ನು ಅಲ್ಲಿಗೆ ಕರೆಸಿದ್ದೆ. ಅವರು ಬರುವ ಮೊದಲೇ ಅವಳನ್ನು ಹೊರಗೆ ದಬ್ಬಲು ಓನರ್ ಈ ಸುತ್ತಿಗೆಯವನನ್ನು ಕಳಿಸಿದ್ದ.

ಅವನು ನನ್ನ ಎದೆಯ ಮೇಲೆ ಕೂತ. ಕೈ ಎತ್ತಿದ. ಅಷ್ಟರಲ್ಲಿ ಮೇಲಿನಿಂದ ನರ್ಸ್ ಓಡಿಬಂದು ಅವನ ಕಣ್ಣಿಗೆ ಸ್ಪಿರಿಟ್ ಎರಚಿದಳು!

ಅವನು ಊಳಿಟ್ಟ. ನಾನು ಅವನ ತೋಳು ತಿರುಚಿದೆ. ಒಣ ಕಡ್ಡಿಯಂತೆ ಲಟಕ್ ಅಂದಿತು. ತತ್ತರಿಸಿ ಎದ್ದು ಹಿಂದೆ ಸರಿದ... ಹಿಂದೆ ಕಂಬಿಯಿರಲಿಲ್ಲ!

ಅವನ ಕಾಲರ್ ನನ್ನ ಕೈಗೆ ಸಿಕ್ಕಿತು. ಕೆಳಗೆ ಎರಡು ಮಹಡಿಯಷ್ಟು ಆಳ.

"ಯಾರು ಕಳಿಸಿದ್ದು ಅಂತ ಇನ್ಸ್‌ಪೆಕ್ಟರ್ ಮುಂದೆ ಹೇಳ್ತೀಯಾ?"

"ಹೇಳಿದ್ರೆ ನನ್ನ ಮನೇನೂ ಹೋಗುತ್ತೆ. ನಾನೂ ಅವನ ಬಾಡಿಗೆದಾರನೇ."

ಓನರ್‌ನ ಗೋಡೌನ್ ಹಿಂದಿನ ಕೋಣೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದನಂತೆ. ಈ ಕೆಲಸ ಮಾಡು, ಇಲ್ಲವೇ ಜಾಗ ಬಿಡು ಎಂದಿದ್ದನಂತೆ ಓನರ್. ಉಸಿರು ಕಟ್ಟಿಕೊಂಡೇ ಅಷ್ಟೂ ಹೇಳಿದ.

ಕಾಲರ್ ಹರಿಯತೊಡಗಿತು...

ನರ್ಸ್ ಅವನ ಬೆಲ್ಟ್ ಹಿಡಿದಳು. ಇಬ್ಬರೂ ಸೇರಿ ಎಳೆದು ಹಾಕಿದೆವು. ಬೈಯುತ್ತಲೇ ಅವನ ಕೈಗೆ ಪಟ್ಟಿ ಕಟ್ಟಿದಳು.

ಇನ್ಸ್‌ಪೆಕ್ಟರ್ ಬಂದರು. ಅವನು ಎಲ್ಲವನ್ನೂ ಒದರಿದ. ಸಂಜೆಯೊಳಗೆ ನರ್ಸ್ ಮನೆಗೆ ನೀರು ಬಂತು. ಓನರ್‌ನನ್ನೂ ಅವನನ್ನೂ ಪೊಲೀಸರು ಒಂದೇ ಜೀಪಿನಲ್ಲಿ ಒಯ್ದರು.

ಮರುದಿನ ಕೇಂದ್ರಕ್ಕೆ ಒಬ್ಬ ಹೆಂಗಸು ಬಂದಳು. ಜೊತೆಗೆ ಇಬ್ಬರು ಮಕ್ಕಳು, ಮೂರು ಚೀಲ. ಸುತ್ತಿಗೆಯವನ ಹೆಂಡತಿ. ಓನರ್‌ನ ತಮ್ಮ ಬೆಳಗ್ಗೆಯೇ ಅವರ ಕೋಣೆಗೆ ಬೀಗ ಜಡಿದಿದ್ದ. ಠಾಣೆಯಿಂದ ಗಂಡನೇ ನಮ್ಮ ವಿಳಾಸ ಹೇಳಿ ಕಳಿಸಿದ್ದನಂತೆ.

ನನ್ನ ಊದಿದ ಮುಖವನ್ನೇ ಅವಳು ದಿಟ್ಟಿಸಿದಳು.

"ನನ್ನ ಗಂಡನ ಕೈ ಮುರಿದೋನು ನೀನೇ ಅಲ್ವಾ?"

ನಾನು ಕುರ್ಚಿ ಎಳೆದು ಕೊಟ್ಟೆ.

"ಆ ದೂರಿಗೆ ಬೇರೆ ಆಫೀಸ್ ಇದೆಯಮ್ಮ. ಮನೇದು ನನ್ನ ಹತ್ರ ಹೇಳಿ."